ಮೈಲಾರಲಿಂಗನ ಕಾರೂ ಓಣಿಯ ಆರು ಶಟರೂ

ಶಟರ್ ಎತ್ತುವ ರಿಮೋಟು ಒಂದಕ್ಕೆ ಹನ್ನೆರಡು ನೂರು ರೂಪಾಯಿ. ಮೈಲಾರಲಿಂಗ ಮೊದಲನೆಯದನ್ನು ಮೋತಿ ತಲಾಬದ ದಂಡೆಯಲ್ಲಿ ಗಾಳಿಗೆ ಅಡ್ಡಾಡುವಾಗ ಕಳೆದ. ನೀರಿಗೆ ಬಿತ್ತೋ ಹುಲ್ಲಿಗೆ ಬಿತ್ತೋ ಗೊತ್ತಾಗಲಿಲ್ಲ. ಎರಡನೆಯದು ಪ್ಯಾಂಟಿನ ಕಿಸೆಯಲ್ಲಿ ಕೂತು, ಪ್ಯಾಂಟಿನ ಸಂಗಡವೇ ವಾಷಿಂಗ್ ಮಷಿನ್ನಿನಲ್ಲಿ ಮುಕ್ಕಾಲು ತಾಸು ತಿರುಗಿತು. ಹೊರಬಂದಾಗ ಬಹಳ ಸ್ವಚ್ಛವಾಗಿತ್ತು, ಅಷ್ಟೇ. ಅಲ್ಲಿಗೆ ಎರಡು ಸಾವಿರದ ನಾಲ್ಕು ನೂರು ಹೋಯಿತು. ಮೂರನೆಯದನ್ನು ಅವನ ಹೆಂಡತಿ ಭಾಗ್ಯಶ್ರೀ ಅಡುಗೆಮನೆಯಲ್ಲಿ ಜರಡಿಯ ಪಕ್ಕದ ಮೊಳೆಗೆ ನೇತುಹಾಕಿ, ಅದನ್ನು ಮುಟ್ಟುವ ಹಕ್ಕು ತನಗೊಬ್ಬಳಿಗೇ ಎಂದು ಸಾರಿದಳು.

“ನಿಮ್ಮ ಕೈಗೆ ಕೊಟ್ಟದ್ದು ಉಳಿಯಂಗಿಲ್ಲ,” ಎಂದಳು. “ಬೇಕಂದ್ರ ಕಾರಿಗೇ ಹೊಲಿಸಿಕೊಂಡು ಬರ್ರಿ.”

ಸವಣೂರಿನ ಆ ಓಣಿಯಲ್ಲಿ ಮನೆ ಕಟ್ಟಿಸಿದ ಆರು ಮಂದಿ, ಬಾಡಿಗೆ ಬಂದೀತೆಂಬ ಆಸೆಯಿಂದ ಕೆಳಗೆ ಒಂದೊಂದು ಮಳಿಗೆ ತೆಗೆಸಿ ಶಟರ್ ಹಾಕಿಸಿದ್ದರು. ಬಾಡಿಗೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಕಡೆಗೆ ಶಟರ್ ಎತ್ತಿ ಎತ್ತಿ ರಟ್ಟೆ ನೋಯುತ್ತದೆಂದು, ಆರೂ ಮನೆಯವರು ಕೂಡಿ ಶಿಗ್ಗಾವಿಯ ಸುದೀಪನ ಕಡೆಯಿಂದ ಒಂದೇ ದಿನ ಮೋಟಾರು ಕೂಡಿಸಿಕೊಂಡರು. ಮೈಲಾರಲಿಂಗ ತನ್ನ ಮಳಿಗೆಯಲ್ಲಿ ಕಾರು ಇಟ್ಟ. ಶಿಗ್ಗಾವಿಯಲ್ಲಿ ಅವನದೊಂದು ಚಾಳೀಸಿನ, ಅಂದರೆ ಕನ್ನಡಕದ, ಅಂಗಡಿ. ಹದಿನಾಲ್ಕು ವರ್ಷ ಗಾಜು ಉಜ್ಜಿ ಉಜ್ಜಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು. ಚಾಳೀಸು ಒರೆಸುವ ಮೆತ್ತನೆಯ ಬಟ್ಟೆಯಿಂದಲೇ ಅದನ್ನೂ ಒರೆಸುತ್ತಿದ್ದ.

ತೊಂದರೆ ಇದ್ದದ್ದು ಕಾರು ಒಳಗೆ ಹಾಕುವಾಗ. ಓಣಿಯಲ್ಲಿ ಒಂದು ಕಾರು ಅಡ್ಡ ತಿರುಗಿತೆಂದರೆ ನಾಯಿ ದಾಟುವುದೂ ಕಷ್ಟ. ಮೈಲಾರಲಿಂಗ ಕಾರು ಅಡ್ಡ ಹಾಕಿ ಹಾರ್ನ್ ಹೊಡೆಯಬೇಕು. ಮಾಳಿಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದ ಭಾಗ್ಯಶ್ರೀ ಹೆಂಚಿನ ಮೇಲಿನ ರೊಟ್ಟಿಯನ್ನು ಸುಟ್ಟು, ತೆಗೆದು, ಕೈ ತೊಳೆದು, ಮೊಳೆಯ ಮೇಲಿನ ರಿಮೋಟು ತೆಗೆದುಕೊಂಡು ಹದಿನಾರು ಮೆಟ್ಟಿಲು ಇಳಿದು ಬರಬೇಕು. ಬಂದು ಶಟರಿನ ಬುಡದಲ್ಲೇ ನಿಂತು, ಕೈ ಮೇಲೆತ್ತಿ ಒತ್ತಬೇಕು. ನಾಲ್ಕು ಹೆಜ್ಜೆ ದೂರ ನಿಂತರೆ ಆ ರಿಮೋಟಿನ ಮಾತು ಮೋಟಾರಿಗೆ ಕೇಳುತ್ತಿರಲಿಲ್ಲ. ಇಷ್ಟಾಗಲು ಆರು ನಿಮಿಷ.

ಒಂದು ಶನಿವಾರ ಆ ಆರು ನಿಮಿಷದಲ್ಲಿ ಹಿಂದೆ ಒಂದು ನೀರಿನ ಟ್ಯಾಂಕರು, ಅದರ ಹಿಂದೆ ಒಂದು ಮದುವೆಯ ಮೆರವಣಿಗೆ ಬಂದು ನಿಂತವು. ಬ್ಯಾಂಡಿನವರು ನಿಂತಲ್ಲೇ ಎರಡು ಹಾಡು ಬಾರಿಸಿದರು. ಮದುಮಗನನ್ನು ಹೊತ್ತ ಕುದುರೆ ಹುಚ್ಚವ್ವನ ಮನೆಯ ಕಟ್ಟೆಯ ಮುಂದೆ ತನ್ನ ಕೆಲಸ ಮುಗಿಸಿತು. ಹುಚ್ಚವ್ವ ಅರವತ್ತೆರಡರ ಹೆಂಗಸು. ಅವಳು ಕಟ್ಟೆ ತೊಳೆಯುತ್ತ ಆಡಿದ ಮಾತುಗಳು ಬ್ಯಾಂಡಿಗಿಂತ ದೂರ ಕೇಳಿದವು.

ಮರುದಿನ ಭಾನುವಾರ ಸಂಜೆ ಹನುಮಪ್ಪನ ಗುಡಿಯ ಮುಂದೆ ಓಣಿಯವರು ಕೂಡಿದರು. ಜಗದೀಶ ಮಾಸ್ತರ ಮುಂದೆ ಕೂತರು. ಡ್ರಿಲ್ ಮಾಸ್ತರಾಗಿ ರಿಟೈರಾಗಿ ಐದು ವರ್ಷವಾದರೂ ಅಂಗಿಯ ಕಿಸೆಯಲ್ಲಿ ಸೀಟಿ ಇಟ್ಟುಕೊಂಡೇ ತಿರುಗುವ ಮನುಷ್ಯ ಅವರು. ಓಣಿಯ ಯಾವ ಕೆಲಸವೂ ಅವರ ಕೈ ದಾಟಿ ಆಗುತ್ತಿರಲಿಲ್ಲ.

“ಮೈಲಾರಲಿಂಗ, ಎಂಟು ದಿನ ಟೈಮ್ ಕೊಟ್ಟೇವಿ,” ಎಂದರು. “ಬರೋ ರವಿವಾರ ಸಂಜಿ ಐದಕ್ಕ ಎಲ್ಲಾರ ಮುಂದ ಕಾರು ಒಳಗ ಹಾಕಿ ತೋರಸು. ಒಂದು ನಿಮಿಷದಾಗ ಹೋತು, ಚಲೋ. ಹೋಗಲಿಲ್ಲ, ಅವತ್ತಿಂದ ನಿನ್ನ ಕಾರು ಸಂತಿ ಬಯಲಿನ್ಯಾಗ.”

ಸಂತೆ ಬಯಲಿಗೆ ಗೋಡೆಯಿಲ್ಲ, ನೆರಳಿಲ್ಲ, ಕಾಯುವವರಿಲ್ಲ. ಅಲ್ಲಿ ತನ್ನ ಕಾರು ನಿಂತಿರುವುದನ್ನು ನೆನೆದೇ ಮೈಲಾರಲಿಂಗನಿಗೆ ಅವತ್ತು ಊಟ ಸೇರಲಿಲ್ಲ.

ಗುರುವಾರ ಬಂಕಾಪುರದ ಮಲ್ಲಿಕಸಾಬ ಚಾಳೀಸಿನ ಕಾಲು ಮುರಿದುಕೊಂಡು ಅಂಗಡಿಗೆ ಬಂದ. ಹೆದ್ದಾರಿಯ ಪಕ್ಕ ಅವನ ಗುಜರಿ. ಅಪಘಾತವಾದ ಗಾಡಿಗಳನ್ನು ಕೊಂಡು ಬಿಚ್ಚಿ ಮಾರುವುದು ಅವನ ಕಸುಬು. ಮೈಲಾರಲಿಂಗನ ಗೋಳು ಕೇಳಿ ನಕ್ಕ.

“ಲಿಂಗಣ್ಣಾರ, ದೊಡ್ಡ ಮಂದಿ ಕಾರಿನ್ಯಾಗ ರಿಮೋಟ ಕಾರಿನ ಒಳಗ ಕೂತಿರ್ತೈತ್ರಿ. ಕಳಕೋಬೇಕಂದ್ರೂ ಕಳಿಯಂಗಿಲ್ಲ. ಅಂಥಾದೊಂದು ಕಾರು ನನ್ನ ಗುಜರ್‍ಯಾಗ ಬಂದು ಬಿದ್ದೈತಿ. ರವಿವಾರ ಬರ್ರಿ.”

ಕಾರಿಗೇ ಹೊಲಿಸಿರೆಂದ ಹೆಂಡತಿಯ ಮಾತಿಗೆ ಹೊಲಿಯುವವನು ಸಿಕ್ಕಂತಾಯಿತು.

ಭಾನುವಾರ ಮುಂಜಾನೆ ಒಂಬತ್ತಕ್ಕೆಲ್ಲ ಮೈಲಾರಲಿಂಗ ಬಂಕಾಪುರದಲ್ಲಿದ್ದ. ಕೋಟೆಯ ಕಡೆಯಿಂದ ನವಿಲು ಕೂಗುತ್ತಿದ್ದವು. ಗುಜರಿಯ ನಡುವೆ ಮೂಗು ಜಜ್ಜಿಸಿಕೊಂಡು ನಿಂತಿದ್ದ ಭಾರೀ ವಿದೇಶಿ ಕಾರಿನೊಳಗೆ ತಲೆ ಹಾಕಿ, ಮಲ್ಲಿಕಸಾಬ ಡ್ರೈವರನ ಮುಖಕ್ಕೆ ಬಿಸಿಲು ಹೊಡೆಯದಂತೆ ಇಳಿಸುವ ಪಟ್ಟಿಯನ್ನು ತೋರಿಸಿದ. ಅದರ ಅಂಚಿನಲ್ಲಿ ಮೂರು ಗುಂಡಿ, ಒಂದು ಸಣ್ಣ ದೀಪ. ಗುಂಡಿಗಳ ಮೇಲೆ ಮನೆಯ ಚಿತ್ರ.

“ಇಷ್ಟs ಏನ್ರಿ ಚಾಚಾ?”

“ಇಷ್ಟs ಅಂತೀರಿ? ಇದಕ್ಕ ನಿಮ್ಮ ರಿಮೋಟ ತೋರಿಸಿದ್ರ ಸಾಕು, ನೋಡಿ ಕಲ್ತುಬಿಡ್ತೈತಿ. ಮೂರು ಗುಂಡಿಗೆ ಮೂರು ಪಾಠ. ಮೂರು ಸಾವಿರ ಕೊಡ್ರಿ.”

“ಎಂಟು ನೂರು.”

“ಎಂಟು ನೂರಕ್ಕ ನೋಡಿ ಹೋಗಬಹುದು.”

ತಾಸುಗಟ್ಟಲೆ ಎಳೆದಾಡಿ, ಚಹಾ ಕುಡಿದು, ಮತ್ತೆ ಎಳೆದಾಡಿ ಹದಿನಾರು ನೂರಕ್ಕೆ ಬಂದು ನಿಂತರು. ದುಡ್ಡು ಎಣಿಸಿಕೊಟ್ಟ ಮೇಲೆ ಮೈಲಾರಲಿಂಗನಿಗೆ ನೆನಪಾಯಿತು.

“ಗ್ಯಾರಂಟಿ ಐತೇನ್ರಿ?”

“ಆ ಕಾರಿಗೆ ಐದು ವರ್ಷ ಗ್ಯಾರಂಟಿ ಇತ್ತು,” ಎಂದ ಮಲ್ಲಿಕಸಾಬ, ಜಜ್ಜಿದ ಮೂಗಿನ ಕಡೆ ಬೆರಳು ತೋರಿಸಿ. “ನೋಡ್ರಿ ಎಲ್ಲಿ ನಿಂತೈತಿ.”

ಸವಣೂರಿನ ಬಸ್ ನಿಲ್ದಾಣದ ಹಿಂದೆ ಫಯಾಜನ ಗ್ಯಾರೇಜು. ಕಾರು, ಟ್ರ್ಯಾಕ್ಟರು ಯಾವುದೇ ಇರಲಿ, ವೈರಿನ ಕೆಲಸವೆಂದರೆ ಫಯಾಜ. ಮೈಲಾರಲಿಂಗ ಹನ್ನೊಂದೂವರೆಗೆ ಅಲ್ಲಿಗೆ ಹೋದಾಗ ಅವನು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಮೈಲಾರಲಿಂಗನ ಕಾರನ್ನೂ ಒಂದು ಸಲ ನೋಡಿ, ತಲೆ ಕೆರೆದುಕೊಂಡ.

“ಅಣ್ಣಾರ, ಇದು ನಿಮ್ಮ ಕಾರಿಗೆ ಕೂಸಿನ ತಲಿಗೆ ಮುತ್ಯಾನ ರುಮಾಲು ಸುತ್ತಿದಂಗ ಆಕ್ಕೈತ್ರಿ.”

“ಆಗಲಿ, ಸುತ್ತು. ಸಂಜಿ ಐದಕ್ಕ ಪರೀಕ್ಷಾ ಐತಿ.”

ಫಯಾಜ ಹಳೆಯ ಪಟ್ಟಿ ಕಿತ್ತು, ಹೊಸದಕ್ಕೆ ಎರಡು ತೂತು ಕೊರೆದು, ಕಬ್ಬಿಣದ ಪಟ್ಟಿ ಬಡಿದು ಕೂಡಿಸಿದ. ಅದು ಗಾಜಿನ ಅರ್ಧ ಭಾಗ ಮುಚ್ಚಿ ನಿಂತಿತು. ಮಡಚಿದರೆ ಮೇಲೆ ನಿಲ್ಲಲೊಲ್ಲದು, ಕೆಳಗೆ ಬಂದು ಹಣೆಗೆ ಬಡಿಯುತ್ತಿತ್ತು. ಊರ ಮಂದಿಗೆಲ್ಲ ಕಣ್ಣು ಕಾಣುವಂತೆ ಮಾಡುವ ಮೈಲಾರಲಿಂಗ ಇನ್ನು ಮೇಲೆ ಕತ್ತು ಓರೆ ಮಾಡಿ ಹೊಡೆಯಬೇಕಾಯಿತು.

“ಕರೆಂಟ ಎಲ್ಲಿಂದ ಕೊಟ್ಟಿ?” ಎಂದು ಕೇಳಿದ.

“ಹಾರ್ನಿನ ವೈರಿನ್ಯಾಗಿಂದ ತಗೊಂಡೇನ್ರಿ. ಹಂತ್ಯಾಕ ಅದs ಸಿಕ್ತು. ಹಾರ್ನ್ ಒತ್ತಿ ಹಿಡಿದ್ರ ಗುಂಡಿಗೆ ಜೀವ ಬರ್ತೈತಿ. ಎಡಗೈಲೆ ಹಾರ್ನ್, ಬಲಗೈಲೆ ಗುಂಡಿ.”

“ಮತ್ತ ಸ್ಟೇರಿಂಗ?”

“ನಿಂತಾಗ ಒತ್ತೂದು ಅಲ್ರಿ, ಓಡುವಾಗ ಯಾಕ ಒತ್ತತೀರಿ?”

ಇನ್ನು ಗುಂಡಿಗೆ ಪಾಠ ಹೇಳಬೇಕಿತ್ತು. ಅದಕ್ಕೆ ಅಸಲಿ ರಿಮೋಟು ಬೇಕು. ಮೈಲಾರಲಿಂಗ ಹೆಂಡತಿಗೆ ಫೋನು ಮಾಡಿದ. ಅರ್ಧ ತಾಸಿಗೆ ಭಾಗ್ಯಶ್ರೀ ಆಟೋದಲ್ಲಿ ಬಂದಿಳಿದಳು. ರಿಮೋಟಿಗೆ ದಾರ ಕಟ್ಟಿ ದಾರದ ಇನ್ನೊಂದು ತುದಿಯನ್ನು ಬಳೆಗೆ ಗಂಟು ಹಾಕಿಕೊಂಡಿದ್ದಳು.

“ಇಲ್ಲಿ ಕೊಡು,” ಎಂದು ಮೈಲಾರಲಿಂಗ ಕೈ ಚಾಚಿದ.

“ನೀವು ಸರೀರಿ. ತಮ್ಮಾ ಫಯಾಜ, ಎಲ್ಲಿ ಹಿಡೀಬೇಕು ಹೇಳು, ನಾನs ಹಿಡೀತೇನಿ.”

ಫಯಾಜ ಮೊಬೈಲಿನಲ್ಲಿ ಯಾವುದೋ ದೇಶದವನ ವಿಡಿಯೋ ಹಚ್ಚಿ ಪಕ್ಕದಲ್ಲಿಟ್ಟ. ಮಾತು ಒಂದೂ ತಿಳಿಯಲಿಲ್ಲ, ಕೈ ಮಾತ್ರ ಕಂಡಿತು. ಮೊದಲು ಎರಡೂ ಬದಿಯ ಗುಂಡಿಗಳನ್ನು ಇಪ್ಪತ್ತು ಸೆಕೆಂಡು ಒಟ್ಟಿಗೆ ಒತ್ತಿ ಹಿಡಿದು ಹಳೆಯ ಮಾಲೀಕನ ಪಾಠ ಅಳಿಸಬೇಕು. ಆಮೇಲೆ ರಿಮೋಟನ್ನು ಗುಂಡಿಯ ಹತ್ತಿರ ಹಿಡಿದು ಎರಡನ್ನೂ ಒತ್ತಬೇಕು. ದೀಪ ಬೇಗ ಬೇಗ ಮಿಣುಕಿದರೆ ಕಲಿತಂತೆ. ಅಷ್ಟೂ ಹೊತ್ತು ಹಾರ್ನ್ ಒತ್ತಿಯೇ ಇರಬೇಕು. ಮೈಲಾರಲಿಂಗ ಹಾರ್ನ್ ಹಿಡಿದ, ಫಯಾಜ ಗುಂಡಿ ಹಿಡಿದ, ಭಾಗ್ಯಶ್ರೀ ರಿಮೋಟು ಹಿಡಿದಳು. ಮೇಲೆ, ನಿಲ್ಲು, ಕೆಳಗೆ ಎಂದು ಮೂರು ಪಾಠ ಮುಗಿಯುವ ಹೊತ್ತಿಗೆ ಹಾರ್ನಿನ ಸದ್ದಿಗೆ ಹಾನಗಲ್ ಬಸ್ಸಿನ ಕಂಡಕ್ಟರು ಎರಡು ಸಲ ಬಂದು ಬೈದು ಹೋದ. ಹಣ್ಣಿನ ಅಂಗಡಿಯವಳು ಕಿವಿಗೆ ಸೆರಗು ತುರುಕಿಕೊಂಡಳು. ಕಡೆಗೆ ದೀಪ ಮೂರು ಸಲವೂ ಮಿಣುಕಿತು.

“ಕಲ್ತೈತಿ,” ಎಂದ ಫಯಾಜ. “ಏಳು ನೂರು ಕೊಡ್ರಿ.”

ಮನೆಗೆ ಹೋಗಿ ಒಂದು ಸಲ ಒತ್ತಿ ನೋಡಬೇಕೆಂದು ಮೈಲಾರಲಿಂಗನಿಗೆ ಆಸೆಯಿತ್ತು. ಆದರೆ ಮಧ್ಯಾಹ್ನ ಎರಡಕ್ಕೆ ಹೋದ ಕರೆಂಟು ಐದರ ತನಕ ಬರುವುದಿಲ್ಲವೆಂದು ಸುದ್ದಿ. ಹೀಗಾಗಿ ಓದದೇ ಪರೀಕ್ಷೆಗೆ ಕೂತ ಹುಡುಗನಂತೆ ಕಾರಿನೊಳಗೇ ಕೂತು ಗುಂಡಿಗಳಿಗೆ ಕುಂಕುಮ ಹಚ್ಚಿದ.

ಐದಕ್ಕೆ ಹತ್ತು ನಿಮಿಷ ಇರುವಾಗ ಕರೆಂಟು ಬಂತು. ಐದಕ್ಕೆ ಇಡೀ ಓಣಿ ಹೊರಗೆ ಬಂದು ನಿಂತಿತ್ತು. ಜಗದೀಶ ಮಾಸ್ತರ ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಗಡಿಯಾರ ಹಿಡಿದಿದ್ದರು. ಖಾರದ ಅಂಗಡಿಯ ಶಹಾಬುದ್ದೀನ ಒಂದು ಪೊಟ್ಟಣ ಕುರುಕಲು ಖಾರ ಹಂಚುತ್ತ, “ತಿನ್ರಿ, ಕೈಯಾರೆ ಕರದದ್ದು,” ಎಂದು ರೂಢಿಯ ಮಾತು ಹೇಳುತ್ತಿದ್ದ. ಹುಚ್ಚವ್ವ ಮೊಣಕಾಲು ನೀವಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಿದ್ದಳು. ಫಯಾಜನೂ ತನ್ನ ಕೆಲಸ ನೋಡಲು ಬಂದಿದ್ದ.

ಮಾಸ್ತರ ಸೀಟಿ ಊದಿದರು. ಮೈಲಾರಲಿಂಗ ಕತ್ತು ಓರೆ ಮಾಡಿ ಕಾರು ತಂದ, ಅಡ್ಡ ಹಾಕಿದ, ಮನಸ್ಸಿನಲ್ಲಿ ಹನುಮಪ್ಪನಿಗೆ ಒಂದು ಕಾಯಿ ಹೇಳಿಕೊಂಡು, ಎಡಗೈಯಿಂದ ಹಾರ್ನ್ ಹಿಡಿದು ಬಲಗೈಯಿಂದ ಮೇಲಿನ ಗುಂಡಿ ಒತ್ತಿದ.

ಶಟರು ಒಂದು ಸಲ ನಡುಗಿ, ಕರಕರ ಅನ್ನುತ್ತ ಮೇಲೇರತೊಡಗಿತು. ಯಾರೂ ಮುಟ್ಟಿರಲಿಲ್ಲ. ಭಾಗ್ಯಶ್ರೀ ಕೈಕಟ್ಟಿಕೊಂಡು ನಿಂತಿದ್ದಳು. ಜನ ಚಪ್ಪಾಳೆ ತಟ್ಟಿದರು. ಮೈಲಾರಲಿಂಗ ರಿವರ್ಸ್ ಹಾಕಿ, ಉಸಿರು ಬಿಗಿಹಿಡಿದು ಒಳಗೆ ಹೊಕ್ಕ.

“ನಲವತ್ತೆರಡು ಸೆಕೆಂಡು,” ಎಂದರು ಮಾಸ್ತರ. ಅವರಿಗೆ ಸ್ವಲ್ಪ ಬೇಸರವಾದಂತಿತ್ತು. “ಪಾಸ್ ಆದಿ, ಹೋಗು.”

ಮೈಲಾರಲಿಂಗ ಇನ್ನೂ ಒಳಗೆ ಕೂತೇ ಇದ್ದ. ಖುಷಿಯಿಂದ ಕಣ್ಣು ಮಂಜಾಗಿತ್ತು. ಆದರೆ ಕರಕರ ಸದ್ದು ನಿಂತಿರಲಿಲ್ಲ. ಅವನ ಶಟರು ಮೇಲೆ ಹೋಗಿ ಮುಟ್ಟಿದ್ದರೂ ಸದ್ದು ಬರುತ್ತಲೇ ಇತ್ತು. ಜನ ಆ ಕಡೆ ಈ ಕಡೆ ನೋಡಿದರು. ಓಣಿಯ ಆ ತುದಿಯಲ್ಲಿ ಒಂದು, ಈ ತುದಿಯಲ್ಲಿ ಒಂದು, ಗುಡಿಯ ಪಕ್ಕ ಒಂದು, ಹೀಗೆ ಓಣಿಯ ಉಳಿದ ಐದೂ ಮನೆಯ ಶಟರುಗಳು ಗುರುಗಳನ್ನು ಕಂಡ ಶಾಲೆಯ ಮಕ್ಕಳಂತೆ ಮೆಲ್ಲಗೆ ಎದ್ದು ನಿಲ್ಲುತ್ತಿದ್ದವು.

ಮೊದಲು ಪೂರ್ತಿ ತೆರೆದದ್ದು ಮಾಸ್ತರರದು. ಒಳಗೆ ಗೋಡೆಯಿಂದ ಗೋಡೆಗೆ ಮಡಚಿಟ್ಟ ಕಬ್ಬಿಣದ ಕುರ್ಚಿಗಳು, ಬೆನ್ನಿನ ಮೇಲೆ ಕೆಂಪು ಬಣ್ಣದಲ್ಲಿ ಓಣಿಯ ಹೆಸರು. ಗಣಪತಿ ಕೂಡಿಸಲೆಂದು ಮನೆಮನೆಗೆ ವಂತಿಗೆ ಎತ್ತಿ ತಂದ ಕುರ್ಚಿಗಳವು. ಹಾನಗಲ್ಲಿನ ಯಾವುದೋ ಮದುವೆಗೆ ಒಯ್ದವರು ತಿರುಗಿ ಕೊಟ್ಟಿಲ್ಲವೆಂದು ಮಾಸ್ತರ ಎರಡು ವರ್ಷದಿಂದ ಹೇಳುತ್ತಿದ್ದರು.

“ಮಾಸ್ತರ, ಮದಿವಿ ಮುಗೀತೇನ್ರಿ?” ಎಂದು ಯಾರೋ ಕೇಳಿದರು.

“ನಿನ್ನೇರೆ ಬಂದಾವು,” ಎಂದರು ಮಾಸ್ತರ. “ಹೇಳಬೇಕಂತಿದ್ದೆ.”

ಕುರ್ಚಿಗಳ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳಿತ್ತು.

ಅಷ್ಟರಲ್ಲಿ ಶಹಾಬುದ್ದೀನನ ಶಟರು ಎದ್ದಿತು. ಒಳಗೆ ಒಲೆಯೂ ಇಲ್ಲ, ಕಡಾಯಿಯೂ ಇಲ್ಲ; ತೊಲೆಯ ತನಕ ರಟ್ಟಿನ ಡಬ್ಬಿಗಳು, ಪ್ರತಿ ಡಬ್ಬಿಯ ಮೇಲೂ ದಾವಣಗೆರೆಯ ವಿಳಾಸ. ಖಾರ ತಿನ್ನುತ್ತಿದ್ದವರ ಬಾಯಿ ನಡುವೆಯೇ ನಿಂತಿತು.

“ಕೈಯಾರೆ ಅಂದಿ?” ಎಂದಳು ಹುಚ್ಚವ್ವ.

“ಕೈಯಾರೆ ಪ್ಯಾಕ್ ಮಾಡ್ತೇನಲ್ಲ ಬೇ,” ಎಂದ ಶಹಾಬುದ್ದೀನ. “ಅದೂ ಕೆಲಸs ಅಲ್ಲೇನು?”

ಹುಚ್ಚವ್ವ ಇನ್ನೇನೋ ಹೇಳಲು ಬಾಯಿ ತೆರೆದಳು. ಅವಳ ಬೆನ್ನ ಹಿಂದೆಯೇ ಅವಳ ಶಟರು ಮೇಲಕ್ಕೆ ಹೋಯಿತು. ಒಳಗೆ ಹೊಚ್ಚಹೊಸ ಕೆಂಪು ಎಲೆಕ್ಟ್ರಿಕ್ ಸ್ಕೂಟರು, ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ಮುಂದೆ ಕಲಿಯುವವರ ಕೆಂಪಕ್ಷರದ ಹಲಗೆ. ಸೀಟಿನ ಮೇಲೆ ಹೆಲ್ಮೆಟ್ಟು, ಹೆಲ್ಮೆಟ್ಟಿನ ಮೇಲೆ ಅವಳ ಶಾಲು.

ಓಣಿಯವರೆಲ್ಲ ಇಣುಕಿ ನೋಡಲು ಮುಂದೆ ಬಂದರು.

“ಯವ್ವಾ,” ಎಂದಳು ಭಾಗ್ಯಶ್ರೀ, “ನಿನಗ ಮೊಣಕಾಲು ನೋವು ಅಲ್ಲ?”

“ಮೊಣಕಾಲು ನೋವೈತಿ ಅಂತs ತಗೊಂಡೇನಿ,” ಎಂದಳು ಹುಚ್ಚವ್ವ. ಅವಳ ಮುಖ ಸ್ಕೂಟರಿನ ಬಣ್ಣಕ್ಕೆ ಬಂದಿತ್ತು. “ನಸುಕಿನ್ಯಾಗ ಮಂದಿ ಏಳೂಕಿಂತ ಮೊದಲ ಎರಡು ಸುತ್ತು ಹೊಡೀತೇನಿ. ಕಲ್ತ ಮ್ಯಾಲ ಹಿರೇಕೆರೂರಿಗೆ ನನ್ನ ತಂಗಿ ಮನಿಗೆ ಹೋಗಿ ಅಕಿ ಅಂಗಳದಾಗ ನಿಲ್ಲಸಬೇಕಂತ ಮಾಡಿದ್ದೆ. ಎಲ್ಲಾ ಕೆಡಿಸಿದ್ರಿ.”

ಇದೆಲ್ಲ ತನ್ನ ಗುಂಡಿಯದೇ ಕೆಲಸವೆಂದು ಇಷ್ಟರಲ್ಲಿ ಮೈಲಾರಲಿಂಗನಿಗೆ ತಿಳಿದಿತ್ತು. ಮುಚ್ಚೋಣವೆಂದು ಕೆಳಗಿನ ಗುಂಡಿ ಒತ್ತಿದ. ಆರೂ ಶಟರು ಇಳಿಯತೊಡಗಿದವು. ಮಾಸ್ತರ ಒಳಗೆ ನುಗ್ಗಿ ಕುರ್ಚಿಗಳಿಗೆ ಚಾದರ ಹೊದಿಸುತ್ತಿದ್ದರು. “ಏ, ನಿಲ್ಲಸೋ, ಒಳಗ ನಾ ಅದೇನಿ,” ಎಂದು ಕೂಗಿದರು. ಮೈಲಾರಲಿಂಗ ಗಾಬರಿಯಿಂದ ಮತ್ತೆ ಮೇಲಿನದನ್ನು ಒತ್ತಿದ. ಆಮೇಲೆ ನಡುವಿನದು. ಆಮೇಲೆ ಯಾವುದೆಂದು ಅವನಿಗೂ ಗೊತ್ತಾಗಲಿಲ್ಲ. ಹಾರ್ನು ಒಂದೇ ಸಮ ಕೂಗುತ್ತಿತ್ತು. ಮಾಸ್ತರ ಮೂವತ್ತು ವರ್ಷ ಸೀಟಿ ಊದಿ ಮಕ್ಕಳಿಂದ ಮಾಡಿಸಲಾಗದ ಡ್ರಿಲ್ಲನ್ನು ಆರು ಶಟರುಗಳು ಒಂದೇ ತಾಳಕ್ಕೆ ಮಾಡಿದವು: ಏಳು, ನಿಲ್ಲು, ಕೂಡು. ಕಡೆಗೆ ಫಯಾಜ ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡ.

ಮೋಟಾರು ಕೂಡಿಸಿದ ಸುದೀಪನಿಗೆ ಫೋನು ಹೋಯಿತು. ಎಲ್ಲರಿಗೂ ಕೇಳುವಂತೆ ಭಾಗ್ಯಶ್ರೀ ಫೋನನ್ನು ಮೇಲೆತ್ತಿ ಹಿಡಿದಳು.

“ಎಲ್ಲಾ ಒಮ್ಮೆಲೆ ತೆರೀತಾವಂದ್ರ ಅದರಾಗೇನು ತಪ್ಪಿಲ್ಲ ಬಿಡ್ರಿ,” ಎಂದ ಸುದೀಪ ಶಿಗ್ಗಾವಿಯಿಂದ. “ಆರಕ್ಕೂ ಒಂದs ನಂಬರ್ ಐತಿ. ಮನಿಗೊಂದು ಬ್ಯಾರೆ ನಂಬರ್ ಕೂಡಸಾಕ ಮನಿಗೆ ಮುನ್ನೂರು ಆಕ್ಕೈತಿ ಅಂತ ಅವತ್ತs ಹೇಳಿದ್ದೆ. ಮಾಸ್ತರು ಬ್ಯಾಡ ಅಂದ್ರು.”

ಎಲ್ಲರೂ ಮಾಸ್ತರರ ಕಡೆ ತಿರುಗಿದರು.

“ಏನಂದೆ ನಾ?” ಎಂದರು ಮಾಸ್ತರ.

“ಕಣ್ಣಿಗೆ ಕಾಣೋದಕ್ಕ ರೊಕ್ಕ ಕೊಡ್ತೇವಿ, ಕಾಣದ್ದಕ್ಕ ಒಂದು ಪೈಸಾ ಕೊಡಂಗಿಲ್ಲ ಅಂದ್ರಿ. ಮೋಟಾರ್ ತೋರಸು, ರಿಮೋಟ್ ತೋರಸು, ನಂಬರ್ ಎಲ್ಲೈತಿ ತೋರಸು ಅಂದ್ರಿ. ಎಲ್ಲಾರೂ ಚಪ್ಪಾಳಿ ಹೊಡದ್ರಿ. ಮನಿಗೆ ಮುನ್ನೂರು ಉಳಿತು ಅಂತ ನನಗ ಮಿರ್ಚಿ ಸೈತ ತಿನ್ನಿಸಿದ್ರಿ.”

ಇದು ನಿಜವಾಗಿತ್ತು. ಚಪ್ಪಾಳೆ ಹೊಡೆದವರಲ್ಲಿ ಮೈಲಾರಲಿಂಗನೂ ಇದ್ದ.

“ಮತ್ತ ಇಷ್ಟು ದಿನ ಯಾಕ ತೆರೀಲಿಲ್ಲ?” ಎಂದ ಶಹಾಬುದ್ದೀನ.

“ನಾ ಕೊಟ್ಟ ರಿಮೋಟಿಗೆ ನಾಲ್ಕು ಹೆಜ್ಜಿ ದಾಟಿ ಹೋಗೋ ತಾಕತ್ತಿಲ್ರಿ. ನೀವು ಕಾರಿನ್ಯಾಗ ಕೂಡಿಸಿದ್ದು ಯಾವುದೋ ಆನಿಯಂಥಾದ್ದು. ಯಾರೂ ಏನೂ ಒತ್ತಬ್ಯಾಡ್ರಿ. ಮನಿಗೆ ಮುನ್ನೂರು ತಗದಿಡ್ರಿ, ಬಂದು ಬ್ಯಾರೆ ಬ್ಯಾರೆ ಮಾಡಿ ಕೊಡ್ತೇನಿ.”

ಫೋನು ಇಟ್ಟ ಮೇಲೆ ಮಾಸ್ತರ ಗಂಟಲು ಸರಿಮಾಡಿಕೊಂಡರು. ಕುರ್ಚಿಯ ಮಾತು ಮತ್ತೆ ಏಳುವ ಮೊದಲೇ ಬೇರೆ ಮಾತು ಎತ್ತಬೇಕಿತ್ತು.

“ಅದೆಲ್ಲಾ ಆಮ್ಯಾಲ. ಮೊದಲ ಈ ಕಾರು ಓಣಿ ಬಿಟ್ಟು ಹೋಗಬೇಕು. ನಲವತ್ತೆರಡು ಸೆಕೆಂಡು ಗಿಕೆಂಡು ಏನೂ ಬ್ಯಾಡ. ಈಗಿಂದೀಗ ಸಂತಿ ಬಯಲಿಗೆ ಒಯ್ದು ನಿಲ್ಲಸು.”

ಹೌದೌದು ಎಂದರು ನಾಲ್ಕಾರು ಮಂದಿ. ಮೈಲಾರಲಿಂಗ ಸ್ಟೇರಿಂಗನ್ನು ಮಗುವಿನ ಕೈ ಹಿಡಿದಂತೆ ಹಿಡಿದುಕೊಂಡ.

“ಮಾಸ್ತರ, ಸ್ವಲ್ಪ ತಲಿ ಓಡಸು,” ಎಂದಳು ಹುಚ್ಚವ್ವ. “ನಮ್ಮ ಆರೂ ಮನಿ ತೆರಿಯೋ ಗುಂಡಿ ಆ ಕಾರಿನ್ಯಾಗ ಐತಿ. ಅದನ್ನ ಒಯ್ದು ಬಯಲಾಗ ನಿಲ್ಲಸ್ತೀ? ದಾರಿಗೆ ಹೋಗೋ ಕಳ್ಳಗ, ಬಾ ತಮ್ಮಾ, ಒತ್ತು ಅಂತ ಹೇಳಿ ಬರ್ತೀಯೇನು? ನನ್ನ ಗಾಡಿ ಇನ್ನೂ ಎರಡು ನೂರು ಕಿಲೋಮೀಟರ್ ಸೈತ ಓಡಿಲ್ಲ.”

ಶಹಾಬುದ್ದೀನ ತನ್ನ ಡಬ್ಬಿಗಳ ಕಡೆ ನೋಡಿದ. ಮಾಸ್ತರ ನೋಡಲಿಲ್ಲ, ಆದರೆ ನೆನೆಸಿಕೊಂಡಂತೆ ಕಂಡರು.

“ಕಾರು ಒಳಗs ಇರಲಿ,” ಎಂದಳು ಹುಚ್ಚವ್ವ.

“ಒಳಗs ಇರಲಿ,” ಎಂದರು ಎಲ್ಲರೂ.

ಮೈಲಾರಲಿಂಗ ಕಾರಿನಿಂದ ಇಳಿದವನೇ ಕೈ ಮುಗಿದ. “ಯವ್ವಾ, ನಿನ್ನ ಉಪಕಾರ ಮರಿಯಂಗಿಲ್ಲ. ಎಲ್ಲಾರಿಗೂ ಮಾತು ಕೊಡ್ತೇನಿ, ಇನ್ನ ಮ್ಯಾಲ ಒಂದು ನಿಮಿಷ ಸೈತ ದಾರಿ ಕಟ್ಟಂಗಿಲ್ಲ.”

“ಎಲ್ಲಿಂದ ಕಟ್ತೀ?” ಎಂದಳು ಹುಚ್ಚವ್ವ. “ಕಾರು ಹೊರಗ ಬಂದ್ರ ಅಲ್ಲ?”

“ಅಂದ್ರ?”

“ಶಿಗ್ಗಾವಿಗೆ ಒಯ್ತಿ, ಅಂಗಡಿ ಮುಂದ ನಿಲ್ಲಸ್ತಿ. ಅಲ್ಲಿ ಯಾರರೆ ಒಳಗ ಕೈ ಹಾಕಿದ್ರ? ಗುಂಡಿ ಕಿತಗೊಂಡು ಹೋದ್ರ? ಸುದೀಪ ಬಂದು ನಂಬರ್ ಬ್ಯಾರೆ ಮಾಡೂ ಮಟಾ ಅದು ಹೊರಗ ಹೆಜ್ಜಿ ಇಡೂ ಹಂಗಿಲ್ಲ.”

“ಹಂಗಾದ್ರ ಈಗs ಅಳಿಸಿಬಿಡ್ತೇನಿ, ತಡೀರಿ. ಬದಿಯ ಎರಡೂ ಗುಂಡಿ ಇಪ್ಪತ್ತು ಸೆಕೆಂಡು ಒತ್ತಿ ಹಿಡಿದ್ರ ಸಾಕು, ಎಲ್ಲಾ ಮರೀತೈತಿ.” ಮೈಲಾರಲಿಂಗ ಕಾರಿನೊಳಗೆ ಕೈ ಚಾಚಿದ.

“ಒತ್ತಬ್ಯಾಡ,” ಎಂದು ಇಪ್ಪತ್ತು ಬಾಯಿಗಳು ಒಮ್ಮೆಲೇ ಕೂಗಿದವು. ಎಂಟು ಕೈಗಳು ಅವನನ್ನು ಹಿಂದಕ್ಕೆ ಎಳೆದವು.

“ಅಳಿಸಾಕ ಒತ್ತಬೇಕಲ್ರಿ.”

“ಒತ್ತೂದs ಬ್ಯಾಡ ಅಂತ ಸುದೀಪ ಹೇಳ್ಯಾನ. ನಿನ್ನ ಕೈ ಅದರ ಹಂತ್ಯಾಕ ಹೋಗಬಾರದು.”

ಫಯಾಜ ನಡುವೆ ಬಾಯಿ ಹಾಕಿದ. “ಬ್ಯಾಟರಿ ತಗದಿಡ್ತೇನಿ ಬಿಡ್ರಿ.”

“ಬ್ಯಾಟರಿ ತಗದ್ರ ಮರೀತೈತೇನು?”

“ಮರಿಯಂಗಿಲ್ರಿ. ಗುಜರ್‍ಯಾಗ ಆರು ತಿಂಗಳು ಬಿದ್ರೂ ಹಳೇ ಮಾಲೀಕನ ಮನಿ ನೆನಪಿಟ್ಟಿತ್ತು ಅದು.”

“ಹಂಗಾದ್ರ ಕಿತ್ತು ತಗಿ ಪಟ್ಟಿ,” ಎಂದ ಶಹಾಬುದ್ದೀನ.

“ಕಿತ್ತ ಮ್ಯಾಲ ಯಾರ ಮನ್ಯಾಗ ಇಡೂದು?” ಎಂದರು ಮಾಸ್ತರ.

ಐದು ನಿಮಿಷದ ಹಿಂದೆ ಪರಸ್ಪರರ ಮಳಿಗೆಯ ಒಳಗೆ ನೋಡಿದವರು, ಆ ಪಟ್ಟಿಯನ್ನು ಇನ್ನೊಬ್ಬರ ಕೈಗೆ ಕೊಡಲು ತಯಾರಿರಲಿಲ್ಲ. ಗುಡಿಯಲ್ಲಿಡೋಣವೆಂದರೆ ಪೂಜಾರಿಯದೂ ಒಂದು ಶಟರಿತ್ತು. ಕಲ್ಲಿನಿಂದ ಜಜ್ಜಿ ಹಾಕೋಣವೆಂದರು ಒಬ್ಬರು. ಶಹಾಬುದ್ದೀನ ಬೇಡವೆಂದ, ಹೋದ ವರ್ಷ ಅವನ ರಿಮೋಟು ಕೆಳಗೆ ಬಿದ್ದು ಒಡೆದಾಗ ಗುಂಡಿ ಒಳಗೇ ಸಿಕ್ಕಿಕೊಂಡು, ಕರೆಂಟು ಹೋಗುವ ತನಕ ಶಟರು ಮೇಲೂ ಕೆಳಗೂ ಆಡಿತ್ತಂತೆ. ಒಂದು ಶಟರಿಗೆ ಹಾಗಾದರೆ ಆರಕ್ಕೆ ಏನಾದೀತು ಎಂದು ಎಲ್ಲರೂ ಹೆದರಿದರು.

ಕಡೆಗೆ ಮೈಲಾರಲಿಂಗನ ಶಟರನ್ನು ಭಾಗ್ಯಶ್ರೀಯ ರಿಮೋಟಿನಿಂದಲೇ ಇಳಿಸಿದರು. ಅದರ ಎರಡು ಕೊಂಡಿಗಳಿಗೆ ಸರಪಳಿ ಸುತ್ತಿ, ಉಳಿದ ಐದೂ ಮನೆಯವರು ತಮ್ಮ ತಮ್ಮ ಮನೆಯಿಂದ ಒಂದೊಂದು ಬೀಗ ತಂದು ಜಡಿದರು. ಒಬ್ಬರ ಬೀಗದ ಮೇಲೆ ಇನ್ನೊಬ್ಬರಿಗೆ ನಂಬಿಕೆಯಿರಲಿಲ್ಲ. ಪ್ರತಿಯೊಬ್ಬರೂ ಚಾವಿಯನ್ನು ತಮ್ಮ ಕಿಸೆಗೋ ಸೆರಗಿಗೋ ಹಾಕಿಕೊಂಡು, ಜಗ್ಗಿ ನೋಡಿ, ಸಮಾಧಾನದಿಂದ ಮನೆಗೆ ಹೋದರು. ಐದೂ ಚಾವಿ ಒಟ್ಟಿಗೆ ಬಂದರೆ ಮಾತ್ರ ಕಾರು ಹೊರಗೆ.

ಆಮೇಲೆ ಮೂರು ಭಾನುವಾರ ಸಭೆ ನಡೆಯಿತು. ಮನೆಗೆ ಮುನ್ನೂರು ಕೊಡಲು ಯಾರೂ ಒಪ್ಪಲಿಲ್ಲ. ಗುಂಡಿ ತಂದವನೇ ಆರೂ ಮನೆಯದನ್ನು ಕೊಡಲಿ ಎಂದರು ಕೆಲವರು. ನಂಬರು ಬೇಡವೆಂದ ಮಾಸ್ತರರೇ ಕೊಡಲಿ ಎಂದರು ಕೆಲವರು. ಮಾಸ್ತರ, ಈಗ ಕಾರು ಭದ್ರವಾಗಿದೆ, ಯಾರ ಶಟರೂ ತಾನಾಗಿ ತೆರೆಯುತ್ತಿಲ್ಲ, ಹಾಗಿದ್ದ ಮೇಲೆ ಖರ್ಚಾದರೂ ಯಾಕೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಓಣಿ ಈಗ ಆ ಕುರ್ಚಿಗಳ ಮೇಲೇ ಕೂತಿತ್ತು.

ಮೈಲಾರಲಿಂಗ ಈಗ ದಿನಾ ಶಿಗ್ಗಾವಿಗೆ ಬಸ್ಸಿನಲ್ಲಿ ಹೋಗುತ್ತಾನೆ. ಮುಂಜಾನೆ ನಿಲ್ದಾಣಕ್ಕೆ ನಡೆಯುವಾಗ ಒಮ್ಮೊಮ್ಮೆ ಹುಚ್ಚವ್ವ ಹೆಲ್ಮೆಟ್ಟು ಹಾಕಿಕೊಂಡು ಅವನನ್ನು ದಾಟಿ ಹೋಗುತ್ತಾಳೆ. ಓಣಿ ಖಾಲಿಯಿರುವುದರಿಂದ ಅವಳ ಕೈ ಚೆನ್ನಾಗಿ ಕುದುರಿದೆ. ಭಾಗ್ಯಶ್ರೀಗೆ ನಡುವೆ ಎದ್ದು ಬರುವ ಕೆಲಸವಿಲ್ಲ, ರೊಟ್ಟಿ ಹದವಾಗಿ ಬೇಯುತ್ತವೆ.

ಲೆಕ್ಕ ಇಷ್ಟು. ಮಲ್ಲಿಕಸಾಬನಿಗೆ ಹದಿನಾರು ನೂರು, ಫಯಾಜನಿಗೆ ಏಳು ನೂರು, ದಿನದ ಬಸ್ಸಿನ ಚಾರ್ಜು ಬೇರೆ. ಕಾರು ಮಳಿಗೆಯಲ್ಲೇ ಉಳಿಯಬೇಕೆಂದು ಮೈಲಾರಲಿಂಗ ಬಯಸಿದ್ದ; ಉಳಿದಿದೆ.